ಕ್ರಿಮಿಗೂ ಹಸಿವಾಗುತ್ತದೆ

ಹೈದರಾಬಾದ್
12 ಜುಲೈ 2001

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಂ. ಹೋದ ಪತ್ರದಲ್ಲಿ ನೀವು ಕೇಳಿದ್ದನ್ನು ಓದಿ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. "ಮೂರು ವರ್ಷ ಆತು, ಆ ಲ್ಯಾಬಿನ್ಯಾಗ ಏನ್ ಮಾಡ್ತಿ ಬೇಟಾ? ಮಂದಿ ಕೇಳಿದ್ರ ನಾ ಏನ್ ಹೇಳ್ಲಿ?" ಫೋನಿನಲ್ಲಿ ಹೇಳೋಣವೆಂದರೆ ಕಾಲುವೆಯ ಗೇಟಿನ ಚಕ್ರದ ಸದ್ದು ನಿಮ್ಮ ಕಿವಿ ತಿಂದುಹಾಕಿದೆ. ಎಸ್‌ಟಿಡಿ ಬೂತಿನಲ್ಲಿ ನಿಂತು ನಾನು ಕಿರುಚಿದರೆ ಇಡೀ ಹೈದರಾಬಾದಿಗೆ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬ್ಯಾಕ್ಟೀರಿಯಾ ಅಂದರೆ ಕಣ್ಣಿಗೆ ಕಾಣದ ಕ್ರಿಮಿ. ಒಂದು ಕ್ರಿಮಿಗೆ ಒಂದೇ ಕೋಣೆ, ಸುತ್ತ ಎಣ್ಣೆಯಂಥ ಗೋಡೆ. ಆ ಎಣ್ಣೆಯನ್ನು ದಾಟಿ ಉಪ್ಪು ಸಕ್ಕರೆ ಒಳಗೆ ಹೋಗಲಾರವು. ಹಾಗಾದರೆ ಅದು ಉಣ್ಣುವುದು ಹೇಗೆ? ಗೋಡೆಯಲ್ಲಿ ತೂಬುಗಳಿವೆ ಅಬ್ಬಾ! ಪ್ರೋಟೀನಿನಿಂದಾದ ತೂಬು. ಮೂರು ಕೊಳವೆಗಳನ್ನು ಒಟ್ಟಿಗೆ ಕಟ್ಟಿ ಗೋಡೆಯಲ್ಲಿ ಕೂರಿಸಿದಂತಿರುತ್ತದೆ. ಒಂದೊಂದು ಕೊಳವೆಯ ನಡುವೆ ಇಕ್ಕಟ್ಟಾದ ಗಂಟಲು. ಸಣ್ಣ ಕಣ ಹಾಯುತ್ತದೆ, ದೊಡ್ಡದು ಹೊರಗೇ ಉಳಿಯುತ್ತದೆ. ಯಾರೂ ನೂಕಬೇಕಾಗಿಲ್ಲ. ಹೊರಗೆ ಹೆಚ್ಚಿದ್ದದ್ದು ಒಳಗೆ ಕಡಿಮೆ ಇರುವ ಕಡೆಗೆ ತಾನೇ ಹರಿಯುತ್ತದೆ, ನಿಮ್ಮ ಕಾಲುವೆಯ ನೀರಿನ ಹಾಗೆ.

ನನ್ನ ಕೆಲಸ ಇಷ್ಟೇ. ಆ ತೂಬನ್ನು ಕ್ರಿಮಿಯಿಂದ ಬಿಡಿಸಿ, ಒಂದು ತೆಳು ಪೊರೆಯಲ್ಲಿ ಕೂರಿಸಿ, ಅದರೊಳಗೆ ಎಷ್ಟು ಹಾಯುತ್ತದೆ ಎಂದು ಅಳೆಯುವುದು. ಒಂದೇ ಒಂದು ತೂಬು ಕೂತರೂ ಯಂತ್ರದ ಕಾಗದದ ಮೇಲೆ ಗೆರೆ ಒಂದು ಮೆಟ್ಟಿಲು ಏರುತ್ತದೆ. ಮೊದಲ ಸಲ ಅದನ್ನು ಕಂಡ ದಿನ ನಾನು ಕುಣಿದೆ. ಕಾಲುವೆಯಲ್ಲಿ ನೀರು ಎಷ್ಟಿದೆಯೆಂದು ನೀವು ಗೇಜಿನ ಪುಸ್ತಕ ಬರೆಯುತ್ತೀರಿ, ನಾನೂ ಅದನ್ನೇ ಬರೆಯುತ್ತೇನೆ. ಮಂದಿ ಕೇಳಿದರೆ ಹಾಗೇ ಹೇಳಿ.

ಅಮ್ಮಿಗೆ ಸಲಾಮ್. ಸಕ್ಕರೆ ಕಾಯಿಲೆಯವಳು ಕದ್ದು ಬೆಲ್ಲದ ಚಹಾ ಕುಡಿಯುವುದು ನನಗೆ ಗೊತ್ತಿದೆ ಅನ್ನಿ.

ನಿಮ್ಮ ಮಗಳು
ಜಾಸ್ಮೀನ


ಕಾಲುವೆ ಕ್ವಾರ್ಟರ್ಸ್, ಗಂಗಾವತಿ ತಾಲ್ಲೂಕು
3 ಆಗಸ್ಟ್ 2001
ಗೇಜು: ಮುಂಜಾನೆ ಆರಕ್ಕೆ ಎರಡು ಅಡಿ ಒಂಬತ್ತು ಇಂಚು

ಮಗಳು ಜಾಸ್ಮೀನಳಿಗೆ ಅಬ್ಬಾನ ದುವಾ.

ನಿನ್ನ ಪತ್ರ ಮೂರು ಸಲ ಓದಿದೆ. ಮೊದಲನೇ ಸಲ ತಿಳಿಯಲಿಲ್ಲ. ಎರಡನೇ ಸಲ ತಿಳಿಯಿತು. ಮೂರನೇ ಸಲ ನಮ್ಮ ಇಂಜಿನಿಯರ್ ಜೆಇ ಸಾಹೇಬರಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಮದಾರಸಾಬ, ನಿನ್ನ ಮಗಳು ಓದಿ ಓದಿ ನಿನ್ನ ನೌಕರೀನ ಮಾಡಾಕತ್ತಾಳ ಬಿಡು" ಅಂದರು. ನಾನು ಬಿಡುತ್ತೇನೆಯೇ? "ಹೌದ್ರಿ ಸಾಹೇಬ್ರ, ಆದ್ರ ಆಕಿ ತೂಬು ಯಾವ ರೈತನೂ ಒಡಿಯಂಗಿಲ್ರಿ" ಅಂದೆ.

ಒಂದು ಪ್ರಶ್ನೆ. ತೂಬು ಅಂದ ಮೇಲೆ ಅದನ್ನು ಎತ್ತಿ ಇಳಿಸಲು ನನ್ನಂಥ ಒಬ್ಬ ಗ್ಯಾಂಗ್‌ಮನ್ ಇರಬೇಕಲ್ಲ? ಹೆಚ್ಚು ಕಡಿಮೆ ಮಾಡುವವರು ಯಾರು? ಮೂವತ್ತು ವರ್ಷದಿಂದ ಕಾಲುವೆ ದಂಡೆಯ ಮೇಲಿದ್ದೇನೆ, ಮನುಷ್ಯರಿಲ್ಲದೆ ತಾನೇ ನಡೆಯುವ ತೂಬನ್ನು ನಾನು ಕಂಡಿಲ್ಲ.

ಇನ್ನು ನಿಮ್ಮ ಅಮ್ಮಿಯ ವಿಷಯ. ಬರೆಯಬೇಡ ಅಂದಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ತನ್ನ ಗೆಳತಿ ಗಾಳೆಮ್ಮನ ಗುಂಪಿನ ಜೊತೆ ಭತ್ತದ ನಾಟಿಗೆ ಹೋದಾಗ ಕೆಸರಿನಲ್ಲಿ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಗಾಜಿನ ಚೂರು ಹೊಕ್ಕಿದೆ. ಸಕ್ಕರೆ ಕಾಯಿಲೆಯ ಕಾಲು, ನೋವೇ ಗೊತ್ತಾಗಿಲ್ಲ. ಎರಡು ದಿನ ಅರಿಶಿನ ಮೆತ್ತಿಕೊಂಡು ತಿರುಗಿದ್ದಾಳೆ. ಬೈದೆ. "ಕಾಲುವಿ ಬಿರುಕು ಬಿಟ್ರ ಎದ್ದು ಓಡ್ತೀರಿ, ನನ್ನ ಕಾಲು ಈಗ ಕಂಡ್ರ್ಯಾ?" ಅಂತ ನನಗೇ ತಿರುಗಿ ಬೈದಳು. ಗಂಗಾವತಿಯ ಡಾಕ್ಟರು ಗುಳಿಗೆ ಬರೆದಿದ್ದಾರೆ. ಹದಿನಾಲ್ಕು ದಿನ, ದಿನಕ್ಕೆ ಎರಡು. ಈ ಗುಳಿಗೆಯ ಮದ್ದೂ ನಿನ್ನ ತೂಬಿನಿಂದಲೇ ಕ್ರಿಮಿಯ ಒಳಗೆ ಹೋಗುತ್ತದೆಯೋ? ತಿಳಿಸುವುದು.

ಮದಾರಸಾಬ
ಗ್ಯಾಂಗ್‌ಮನ್


ಹೈದರಾಬಾದ್
20 ಆಗಸ್ಟ್ 2001

ಪ್ರೀತಿಯ ಅಬ್ಬಾ,

ನೀವು ಕೇಳಿದ ಪ್ರಶ್ನೆಯನ್ನು ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂಗೆ ಹೇಳಿದೆ. "ನಿಮ್ಮ ತಂದೆಯನ್ನು ಇಲ್ಲಿಗೇ ಸೇರಿಸಿಕೊಳ್ಳೋಣ" ಅಂದರು.

ಹೌದು, ಎಷ್ಟೋ ಮದ್ದುಗಳು ಒಳಗೆ ಹೋಗುವುದು ಆ ತೂಬುಗಳಿಂದಲೇ. ಊಟ ಬರುವ ದಾರಿಯಲ್ಲೇ ವಿಷವೂ ಬರುತ್ತದೆ, ಕ್ರಿಮಿಗೆ ಅದೇ ಕಷ್ಟ. ಇನ್ನು ಗ್ಯಾಂಗ್‌ಮನ್ ವಿಷಯ. ಅಲ್ಲಿ ಯಾರೂ ಇಲ್ಲ. ಹೊರಗೆ ಉಪ್ಪು ಹೆಚ್ಚಾದರೆ ಕ್ರಿಮಿ ಅಗಲವಾದ ತೂಬು ಕಡಿಮೆ ಮಾಡಿ ಕಿರಿದಾದದ್ದನ್ನು ಕೂರಿಸುತ್ತದೆ. ಹೊರಗೆ ಊಟ ತೆಳುವಾದರೆ ಅಗಲವಾದದ್ದು ಬೇಕಾಗುತ್ತದೆ. ಮದ್ದು ಹಾಕಿದಾಗ ತೂಬು ಕಡಿಮೆ ಇರುವ ಕ್ರಿಮಿಗಳು ಬದುಕಿ ಉಳಿಯುತ್ತವೆ. ಆದರೆ ಬಾಗಿಲು ಹಾಕಿಕೊಂಡು ಎಷ್ಟು ದಿನ ಕೂತಾವು? ಕ್ರಿಮಿಗೂ ಹಸಿವಾಗುತ್ತದೆ. ಮದ್ದು ತೆಗೆದುಬಿಟ್ಟರೆ ಕೆಲವು ದಿನಗಳಲ್ಲಿ ತೂಬು ತೆರೆದವೇ ಮತ್ತೆ ಹೆಚ್ಚುತ್ತವೆ. ನನ್ನ ಗಾಜಿನ ನಳಿಕೆಗಳಲ್ಲಿ ಇದನ್ನು ನೋಡುತ್ತ ಕೂತರೆ ನನಗೆ ನನ್ನ ಹಸಿವೇ ಮರೆತುಹೋಗುತ್ತದೆ.

ನಾಳೆ ಸೆಮಿನಾರ್ ಇದೆ, ಇನ್ನೂ ಚಿತ್ರ ಬರೆದಿಲ್ಲ. ಅಮ್ಮಿ ಬರಿಗಾಲಲ್ಲಿ ಗದ್ದೆಗೆ ಇಳಿಯಬಾರದು, ನನ್ನಾಣೆ ಹಾಕಿ ಹೇಳಿ. ಅವಸರದಲ್ಲಿ ಬರೆದಿದ್ದೇನೆ.

ನಿಮ್ಮ
ಜಾಸ್ಮೀನ


ಕಾಲುವೆ ಕ್ವಾರ್ಟರ್ಸ್
9 ಅಕ್ಟೋಬರ್ 2001
ಗೇಜು: ಮೂರು ಅಡಿ ಒಂದು ಇಂಚು

ಮಗಳಿಗೆ ದುವಾ.

ಗಾಯ ಮಾಯುತ್ತ ಬಂದಿತ್ತು, ಈಗ ಮತ್ತೆ ಒಸರುತ್ತಿದೆ. ಮೊದಲಿನ ಚೀಟಿ ತೋರಿಸಿ ಅದೇ ಗುಳಿಗೆ ಮತ್ತೆ ತಂದಿದ್ದೇನೆ. ನೀನು ಚಿಂತೆ ಮಾಡಬೇಡ. ಡಾಕ್ಟರ ಲೆಕ್ಕ ಸಾಲದು ಅನಿಸಿ ನಾನೇ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಮೂವತ್ತು ವರ್ಷ ನೀರು ಹಂಚಿದವನಿಗೆ ಗುಳಿಗೆ ಹಂಚಲು ಬಾರದೇ?

ಕೊನೆಯ ಹೊಲದವರು ನೀರು ಮುಟ್ಟಿಲ್ಲವೆಂದು ಗದ್ದಲ ಎಬ್ಬಿಸಿದ್ದಾರೆ. ಹಗಲೆಲ್ಲ ದಂಡೆಯ ಮೇಲೇ ಇರುತ್ತೇನೆ. ಪತ್ರ ಚಿಕ್ಕದಾಯಿತು.

ಮದಾರಸಾಬ


ಕಾಲುವೆ ಕ್ವಾರ್ಟರ್ಸ್
2 ಡಿಸೆಂಬರ್ 2001

ನನ್ನ ಜಾಸ್ಮೀನಗ ಅಮ್ಮಿ ಮಾಡೋ ದುವಾ.

ಅಂಗನವಾಡಿ ಪಾರ್ವತೆಮ್ಮ ಟೀಚರ್ ಕಡಿಂದ ಬರಸಾಕತ್ತೀನಿ. "ನೀ ಹೇಳಿದ್ಹಂಗ ಬರೀತೀನಿ, ಒಂದು ಅಕ್ಷರ ತಿದ್ದಂಗಿಲ್ಲ" ಅಂದಾಳ. ನಿಮ್ಮ ಅಬ್ಬಾಗ ಇದು ಗೊತ್ತಿಲ್ಲ. ನೀನೂ ಹೇಳಬ್ಯಾಡ. ಮಗಳಿಗೆ ಗಾಬರಿ ಮಾಡ್ತಿ ಅಂತ ನನಗ ಬೈತಾರ.

ಕಾಲು ಛಲೋ ಇಲ್ಲ ಬೇಟಾ. ಎರಡು ಬೆರಳು ಕರ್ರಗ ಆಗ್ಯಾವ. ವಾಸನಿ ಬರತೈತಿ. ಗಾಳೆಮ್ಮ ಬಂದು ಊದಿನಕಡ್ಡಿ ಹಚ್ಚಿ ಕುಂದರತಾಳ, ಏನೂ ವಾಸನಿ ಇಲ್ಲ ಅಂತ ಸುಳ್ಳ ಹೇಳ್ತಾಳ. ಆಕಿ ಕಣ್ಣಾಗ ನೀರು ಬರೋದು ಹೊಗಿಗೆ ಅಂತ ನಾನೂ ನಂಬಿದಂಗ ಮಾಡ್ತೀನಿ.

ಆದ್ರ ಗುಳಗಿ ತಪ್ಪಿಸಿಲ್ಲ. ನೀ ಬರದ ಪತ್ರಾನ ನಿಮ್ಮ ಅಬ್ಬಾ ಗೇಜಿನ ಪುಸ್ತಕದಾಗ ಇಟ್ಕೊಂಡಾರ. ಅದರ ಪರಕಾರನ ಕೊಡ್ತಾರ. ಮೂರು ದಿನ ಗುಳಗಿ, ನಾಕು ದಿನ ಬಂದ್. ಕಾಲುವಿಗೆ ಪಾಳಿ ಮಾಡ್ತಾರಲ್ಲ, ಹಂಗ. "ಡಾಕ್ಟರ್ ದಿನಾ ತೊಗೋ ಅಂದಿದ್ರಲ್ರಿ" ಅಂದೆ. "ನಿನಗ ತಿಳಿಯಂಗಿಲ್ಲ ಜೋಹರಾ. ದಿನಾ ಕೊಟ್ರ ಅವು ತೂಬು ಮುಚ್ಚಿಕೊಂಡು ಕುಂದರತಾವ. ಬಂದ್ ಮಾಡಿದ್ರ ಹಸದು ತೆರೀತಾವ. ಆವಾಗ ಒಮ್ಮಿಗಲೇ ಬಿಡಬೇಕು. ಮಗಳು ಬರದಾಳ" ಅಂದ್ರು. ನೀ ಬರದಿ ಅಂದಮ್ಯಾಲ ನಾ ಯಾಕ ಎದುರಾಡ್ಲಿ? ನಾಟಿ ಹಚ್ಚೋರಿಗೆಲ್ಲಾ ಹೇಳೀನಿ, ನನ್ನ ಗುಳಗಿ ನನ್ನ ಮಗಳ ಲೆಕ್ಕದಾಗ ನಡದೈತಿ ಅಂತ. ಯಾರ ಮನ್ಯಾಗ ಐತಿ ಇಂಥಾ ಮಗಳು?

ಒಮ್ಮಿ ಬಂದು ಹೋಗು. ಕಾಲು ನೋಡಾಕಲ್ಲ, ನನ್ನ ನೋಡಾಕ.

ನಿನ್ನ ಅಮ್ಮಿ
ಜೋಹರಾಬಿ
(ಬರೆದವರು: ಪಾರ್ವತೆಮ್ಮ)


ತಂತಿ
ಹೈದರಾಬಾದ್, 7 ಡಿಸೆಂಬರ್ 2001

ಅಮ್ಮಿಯನ್ನು ಇವತ್ತೇ ಬಳ್ಳಾರಿ ದೊಡ್ಡ ಆಸ್ಪತ್ರೆಗೆ ಸೇರಿಸಿ. ಗುಳಿಗೆ ಒಂದು ದಿನವೂ ಬಿಡಬೇಡಿ. ನಾನು ಹೊರಟಿದ್ದೇನೆ. ಜಾಸ್ಮೀನ.


ಹೈದರಾಬಾದ್
27 ಡಿಸೆಂಬರ್ 2001

ಪ್ರೀತಿಯ ಅಬ್ಬಾ,

ವಾರ್ಡಿನ ವಿಳಾಸಕ್ಕೇ ಬರೆಯುತ್ತಿದ್ದೇನೆ. ಡಾಕ್ಟರಿಗೆ ಬೇರೆಯಾಗಿ ವರದಿ ಕಳಿಸಿದ್ದೇನೆ. ನಿಮಗೆ ನಾನೇ ಹೇಳಬೇಕು, ಅವರ ಬಾಯಿಂದ ಕೇಳಬಾರದು.

ಹತ್ತು ದಿನದ ಹಿಂದೆ ಡಾಕ್ಟರ ಒಪ್ಪಿಗೆ ಪಡೆದು ಅಮ್ಮಿಯ ಗಾಯದ ಕೀವನ್ನು ಸೀಲು ಮಾಡಿದ ನಳಿಕೆಯಲ್ಲಿ ತಂದಿದ್ದೆನಲ್ಲ, ಆ ಕ್ರಿಮಿಯನ್ನು ಬೆಳೆಸಿ ನೋಡಿದೆ. ಅದರ ಗೋಡೆಯ ಪ್ರೋಟೀನುಗಳನ್ನು ಬಿಡಿಸಿ ಹರಡಿದರೆ ಒಂದೊಂದು ತೂಬಿಗೂ ಒಂದೊಂದು ನೀಲಿ ಗೆರೆ ಬರಬೇಕು. ಈಗ ಅಮ್ಮಿಗೆ ಚುಚ್ಚುತ್ತಿರುವ ದೊಡ್ಡ ಇಂಜೆಕ್ಷನ್ನಿನ ಮದ್ದು ಈ ಜಾತಿಯ ಕ್ರಿಮಿಯೊಳಗೆ ಹೋಗಲು ಮುಖ್ಯವಾಗಿ ಒಂದೇ ತೂಬು ಇದೆ. ಕ್ರಿಮಿ ತನ್ನ ಊಟಕ್ಕೆಂದು ಇಟ್ಟುಕೊಂಡ ತೂಬು ಅದು. ಆ ಗೆರೆ ಅಲ್ಲಿಲ್ಲ ಅಬ್ಬಾ. ಮೂರು ಸಲ ಮಾಡಿದೆ. ಮೇಡಂ ನನ್ನನ್ನು ಎಬ್ಬಿಸಿ ತಾವೇ ಕೂತು ನಾಲ್ಕನೇ ಸಲ ಮಾಡಿದರು. ಅವರಿಗೂ ಬರಲಿಲ್ಲ.

ಮದ್ದು ರಕ್ತದಲ್ಲಿದೆ, ಗಾಯದವರೆಗೂ ಬರುತ್ತಿದೆ, ಕ್ರಿಮಿಯ ಗೋಡೆಗೆ ಬಂದು ತಾಗುತ್ತಲೂ ಇದೆ. ಒಳಗೆ ದಾರಿಯಿಲ್ಲ. ಹಳೆಯ ಮದ್ದು ಇನ್ನೊಂದಿದೆ, ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ಅಮ್ಮಿಯ ಮೂತ್ರಪಿಂಡಗಳು ಈಗಲೇ ಸೋತಿವೆ ಎಂದು ಡಾಕ್ಟರು ಹೇಳಿದ್ದು ನಿಮಗೂ ಗೊತ್ತು.

ಆ ಬಾಗಿಲ ಅಳತೆ ನನಗೆ ಗೊತ್ತು. ಅದರ ಗಂಟಲು ಎಷ್ಟು ಕಿರಿದು, ಅಲ್ಲಿ ಏನು ಹಾಯುತ್ತದೆ, ಏನು ಹಾಯುವುದಿಲ್ಲ, ಎಲ್ಲ ಗೊತ್ತು. ಅದನ್ನು ಮತ್ತೆ ತೆರೆಯಲು ನನಗೆ ಬರುವುದಿಲ್ಲ. ಇಲ್ಲಿ ಯಾರಿಗೂ ಬರುವುದಿಲ್ಲ. ನಾನೇನು ಓದಿದೆ ಅಬ್ಬಾ ಇಷ್ಟು ವರ್ಷ?

ಕಾಲು ತೆಗೆಯಬೇಕು ಎಂದು ಡಾಕ್ಟರು ಹೇಳಿದರೆ ಒಪ್ಪಿಕೊಳ್ಳಿ. ತಡ ಮಾಡಬೇಡಿ. ನಾನು ಒಂದು ವಾರದಲ್ಲಿ ಬರುತ್ತೇನೆ.

ಜಾಸ್ಮೀನ


ಬಳ್ಳಾರಿ
30 ಡಿಸೆಂಬರ್ 2001

ಮಗಳಿಗೆ ದುವಾ.

ನಿನ್ನ ಪತ್ರ ಬರುವ ಮೊದಲೇ, ನಿನ್ನೆ, ಮೊಣಕಾಲ ಕೆಳಗೆ ತೆಗೆದರು. ಸಹಿ ನಾನೇ ಮಾಡಿದೆ. ಜ್ವರ ಇಳಿದಿಲ್ಲ. ಕಾಲಿನದು ಅಷ್ಟೇ ಅಲ್ಲ, ರಕ್ತಕ್ಕೆ ಸೇರಿದೆ ಅಂತಾರೆ.

ತೂಬಿನ ಬಾಗಿಲು ಸಿಕ್ಕಿಕೊಂಡರೆ ಹಾರೆ ಹಾಕಿ ಎಬ್ಬಿಸುತ್ತಿದ್ದೆ. ಹಾರೆಗೂ ಜಗ್ಗದಿದ್ದರೆ ನಾಲ್ಕು ಮಂದಿಯನ್ನು ಕರೆದು ಎತ್ತಿಸುತ್ತಿದ್ದೆ. ಇಲ್ಲಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೇನೆ. ಬಾಟಲಿಯಿಂದ ಮದ್ದು ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತೇನೆ. ಎಲ್ಲಾ ನೀರು ಹೊಲದ ಬದುವಿನ ಹತ್ತಿರ ಬಂದು ನಿಂತಿದೆ ಅಂತ ಗೊತ್ತಿದ್ದೂ ನೋಡುತ್ತೇನೆ.

ನಿನ್ನ ಅಮ್ಮಿ ಎಚ್ಚರಾದಾಗ ಕೇಳಿದಳು, "ಮಗಳ ಯಂತ್ರದಾಗ ಏನ್ ಬಂತ್ರಿ?" "ಛಲೋ ಬಂದೈತಿ" ಅಂದೆ. "ನಾ ಹೇಳಿರ್‍ಲಿಲ್ಲೇನು?" ಅಂತ ಪಕ್ಕದ ಮಂಚದವಳಿಗೆ ಹೇಳಿದಳು.

ಒಂದು ಮಾತು ಕೇಳುತ್ತೇನೆ. ಆ ಕ್ರಿಮಿ ತೂಬು ಯಾಕೆ ತೆಗೆದುಹಾಕಿತು? ತನ್ನಷ್ಟಕ್ಕೆ ತಾನೇ ಹಾಗೆ ಮಾಡುತ್ತದೆಯೋ, ಮನುಷ್ಯರು ಮಾಡಿದ ತಪ್ಪಿನಿಂದ ಹಾಗಾಗುತ್ತದೆಯೋ? ಬರುವಾಗ ಉತ್ತರ ತಗೊಂಡು ಬಾ. ಬೇಗ ಬಾ.

ಅಬ್ಬಾ


ಹೈದರಾಬಾದ್
26 ಫೆಬ್ರವರಿ 2002

ಪ್ರೀತಿಯ ಅಬ್ಬಾ,

ಅಮ್ಮಿ ತೀರಿಕೊಂಡ ನಲವತ್ತನೇ ದಿನದ ಫಾತಿಹಾ ಮುಗಿಸಿ ಬಂದೆ. ಅಷ್ಟು ದಿನವೂ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡೆವು. ಗಾಳೆಮ್ಮತ್ತೆ ರೊಟ್ಟಿ ತಂದು ಇಡುತ್ತಿದ್ದಳು, ನಾವಿಬ್ಬರೂ ಅವಳ ಜೊತೆಯಷ್ಟೇ ಮಾತಾಡುತ್ತಿದ್ದೆವು. ಬಸ್ಸು ಹೊರಟಾಗ ನೀವು ಕಿಟಕಿಗೆ ಕೈ ಇಟ್ಟು ಏನೋ ಹೇಳಲು ಹೋಗಿ, "ನೀರಿನ ಬಾಟ್ಲಿ ತೊಗೊಂಡಿಯಿಲ್ಲ?" ಅಂದಿರಿ.

ನಿಮ್ಮ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಅಮ್ಮಿಯ ಕ್ರಿಮಿ ಮೊದಲಿನಿಂದಲೇ ಹಾಗಿತ್ತೋ ಏನೋ, ಖಂಡಿತವಾಗಿ ಯಾರೂ ಹೇಳಲಾರರು. ಆದರೆ ಗುಳಿಗೆಯನ್ನು ಬಿಟ್ಟು ಬಿಟ್ಟು ಕೊಟ್ಟರೆ ಬಲಹೀನ ಕ್ರಿಮಿಗಳು ಸಾಯುತ್ತವೆ, ಗಟ್ಟಿಯಾದವು ಉಳಿದು ಬೆಳೆಯಲು ಸಮಯ ಸಿಗುತ್ತದೆ. ಆ ಗುಳಿಗೆಯಿಂದ ಪಾರಾಗುವ ಇಂಥ ಕ್ರಿಮಿ ಒಮ್ಮೊಮ್ಮೆ ಇಂಜೆಕ್ಷನ್ನಿನ ತೂಬನ್ನೂ ಕಳೆದುಹಾಕುತ್ತದೆ. ಇದು ನನಗೆ ಗೊತ್ತಿತ್ತು. ಪುಸ್ತಕದಲ್ಲಿತ್ತು.

ನೀವು ಮಾಡಿದ ಪಾಳಿ ನಿಮ್ಮದಲ್ಲ, ನನ್ನದು. ಆಗಸ್ಟ್ ಇಪ್ಪತ್ತರಂದು ನಾನು ಬರೆದ ಪತ್ರವನ್ನು ಓದಿಯೇ ನೀವು ಹಾಗೆ ಮಾಡಿದಿರಿ. ನನಗೆ ಹೇಗೆ ಗೊತ್ತಾಯಿತೆಂದು ಕೇಳಬೇಡಿ. ಗಾಜಿನ ನಳಿಕೆಯ ಮಾತನ್ನು ಬಣ್ಣ ಕಟ್ಟಿ ಬರೆದೆ. ಮನುಷ್ಯರ ಮೈಯಲ್ಲಿ ಇದು ಹೀಗೆ ನಡೆಯುವುದಿಲ್ಲ, ಡಾಕ್ಟರು ಹೇಳಿದಷ್ಟು ದಿನ ಒಂದೂ ಬಿಡದೆ ಕೊಡಿ ಎಂದು ಒಂದು ಸಾಲು ಬರೆಯಲಿಲ್ಲ. ಸೆಮಿನಾರಿನ ಅವಸರ ಇತ್ತು. ಒಂದು ಸಾಲು ಅಬ್ಬಾ, ಅರ್ಧ ನಿಮಿಷದ ಕೆಲಸ.

ನಾನು ಲ್ಯಾಬಿಗೆ ಹೋಗುತ್ತಿಲ್ಲ. ಆ ಯಂತ್ರದ ಮುಂದೆ ಕೂರಲು ಆಗುತ್ತಿಲ್ಲ. ಕೆಲಸ ಬಿಡುತ್ತೇನೆ ಎಂದು ಮೇಡಂಗೆ ಹೇಳಿದ್ದೇನೆ. ಮಾರ್ಚ್ ಕೊನೆಗೆ ಬರೆದು ಕೊಡಬೇಕಂತೆ. ಊರಿಗೆ ಬಂದುಬಿಡುತ್ತೇನೆ. ನನ್ನನ್ನು ಬೈಯಿರಿ. ನೀವು ಬೈಯದೆ ಇದ್ದರೆ ನನಗೆ ಇನ್ನೂ ಕಷ್ಟ.

ಜಾಸ್ಮೀನ


ಕಾಲುವೆ ಕ್ವಾರ್ಟರ್ಸ್
9 ಮಾರ್ಚ್ 2002
ಗೇಜು: ಒಂದು ಅಡಿ ನಾಲ್ಕು ಇಂಚು, ಇಳಿಯುತ್ತಿದೆ

ಮಗಳು ಜಾಸ್ಮೀನಳಿಗೆ ಅಬ್ಬಾನ ದುವಾ.

ನಿನ್ನ ಪತ್ರ ಸೇರಿತು. ಓದಿ ಆಶ್ಚರ್ಯವಾಯಿತು. ಆಗಸ್ಟ್ ಇಪ್ಪತ್ತರ ಪತ್ರ ಅಂತ ನೀನು ಬರೆದಿರುವುದು ಯಾವುದೋ ನನಗೆ ತಿಳಿಯಲಿಲ್ಲ. ಜುಲೈ ತಿಂಗಳದು ಬಂದಿದೆ, ಅದಾದ ಮೇಲೆ ನಿನ್ನ ತಂತಿ ಬಂದಿದೆ. ನಡುವೆ ಯಾವುದೂ ಬಂದಿಲ್ಲ. ಪೋಸ್ಟ್‌ಮನ್ ಬಾಬಾಸಾಬನನ್ನೂ ಕೇಳಿದೆ. ಮಳೆಗಾಲದಲ್ಲಿ ಟಪಾಲು ಆಚೀಚೆ ಆಗುತ್ತಿತ್ತು ಅಂದ.

ಪಾಳಿ ಮಾಡಿದ್ದು ನಾನೇ. ನನ್ನ ತಲೆಯಿಂದಲೇ ಬಂದದ್ದು. ಮೂವತ್ತು ವರ್ಷ ಮೂರು ದಿನ ಬಿಡು, ನಾಲ್ಕು ದಿನ ಮುಚ್ಚು ಅಂತ ಮಾಡಿದವನಿಗೆ ಬೇರೆ ಯಾವ ಬುದ್ಧಿ ಬರುತ್ತದೆ? ಡಾಕ್ಟರಿಗಿಂತ ನಾನು ಜಾಣ ಅಂದುಕೊಂಡೆ. ಜೋಹರಾ ಬೇಡ ಬೇಡ ಅಂದಳು, ಕೇಳಲಿಲ್ಲ. ಅದನ್ನು ನಾನು ಅಲ್ಲಾಹನ ಮುಂದೆ ಹೇಳಿಕೊಳ್ಳುತ್ತೇನೆ. ನೀನು ನಡುವೆ ಬರಬೇಡ.

ಮೊನ್ನೆ ಹಳೆಯ ಗೇಜಿನ ಪುಸ್ತಕ ನನ್ನ ಕೈಜಾರಿ ಕಾಲುವೆಗೆ ಬಿತ್ತು. ಅದರಲ್ಲಿದ್ದ ಕಾಗದಪತ್ರ ಎಲ್ಲವೂ ಹೋಯಿತು. ಜೆಇ ಸಾಹೇಬರು ಮೆಮೊ ಕೊಟ್ಟಿದ್ದಾರೆ. "ಮೂವತ್ತು ವರ್ಷದಾಗ ಒಂದು ಹಾಳಿ ಹರಕೊಂಡಾಂವ ಅಲ್ಲ ನೀನು, ಏನಾತೋ ಮದಾರಸಾಬ?" ಅಂದರು. ವಯಸ್ಸಾಯಿತು ಸಾಹೇಬರೇ ಅಂದೆ.

ಊರಿಗೆ ಬರಬೇಡ. ಇಲ್ಲಿ ಬಂದು ಏನು ಮಾಡುತ್ತಿ? ನನ್ನ ಮುಖ ನೀನು ನೋಡುವುದು, ನಿನ್ನ ಮುಖ ನಾನು ನೋಡುವುದು. ಮೇಡಂ ಹತ್ತಿರ ಹೋಗಿ ಆ ಯಂತ್ರದ ಮುಂದೆ ಕೂರು. ಮುಚ್ಚಿಕೊಂಡ ತೂಬಿಗೆ ಹಾರೆ ಹಾಕುವ ದಾರಿ ನಿನಗೆ ಸಿಗದಿದ್ದರೂ ನಿನ್ನ ಹಿಂದೆ ಬರುವವರಿಗೆ ಸಿಗಲಿ. ನಿನ್ನ ಅಮ್ಮಿ ಆ ಆಸ್ಪತ್ರೆಯ ತುಂಬ ನಿನ್ನ ಹೆಸರು ಹೇಳಿಕೊಂಡು ಹೋಗಿದ್ದಾಳೆ, ಅದನ್ನು ಸುಳ್ಳು ಮಾಡಬೇಡ.

ಬೈಯಿರಿ ಅಂತ ಬರೆದಿದ್ದೀ. ಯಾವುದಕ್ಕೆ ಬೈಯಲಿ? ಬಾಗಿಲು ಹಾಕಿಕೊಂಡು ಎಷ್ಟು ದಿನ ಕೂತಾವು, ಕ್ರಿಮಿಗೂ ಹಸಿವಾಗುತ್ತದೆ ಅಂತ ನೀನು ಬರೆದ ಪತ್ರ ನನ್ನ ಕೈಗೆ ಬಂದೇ ಇಲ್ಲ ಬೇಟಾ.

ಮದಾರಸಾಬ
ಗ್ಯಾಂಗ್‌ಮನ್